ಶುಗರ್ ಇದೆ ಎಂದು ಬರೆಸಿಯೇ ಪಾಲಿಸಿ ಮಾಡಿಸಿ

(ಕಲಬುರಗಿಯಲ್ಲಿ ನಿವೃತ್ತ ನೌಕರರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ಶರಣು ಶರಣಾರ್ಥಿ.

ನಾನು ಈ ಊರಿನ ಒಂದು ಖಾಸಗಿ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಆರೋಗ್ಯ ವಿಮೆಯ ಪಾಲಿಸಿ ಮಾರುವ ಕೆಲಸ ನನ್ನದಲ್ಲ. ರೋಗಿಯ ಕಾಗದಪತ್ರ ಕಂಪನಿಗೆ ಕಳಿಸುವುದು, ಅಲ್ಲಿಂದ ಬಂದ ಉತ್ತರವನ್ನು ಮನೆಯವರಿಗೆ ಹೇಳುವುದು, ಇಷ್ಟೇ. ಯಾವ ಕಂಪನಿ ಒಳ್ಳೆಯದು ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರ ಸಿಗುವುದಿಲ್ಲ. ಆದರೆ ಕ್ಲೈಮು, ಅಂದರೆ ಪಾಲಿಸಿಯಿಂದ ಚಿಕಿತ್ಸೆಯ ಹಣ ಕೇಳುವುದು, ಎಲ್ಲಿ ಮುರಿದು ಬೀಳುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಬಹಳಷ್ಟು ಸಲ ಅದು ಆಸ್ಪತ್ರೆಯಲ್ಲಿ ಮುರಿಯುವುದಿಲ್ಲ. ಪಾಲಿಸಿ ಮಾಡಿಸಿದ ದಿನವೇ, ಅರ್ಜಿ ತುಂಬುವಾಗಲೇ ಮುರಿದಿರುತ್ತದೆ.

ಇಲ್ಲಿ ಕುಳಿತವರಲ್ಲಿ ಅನೇಕರು ಬಿ.ಪಿ. ಗುಳಿಗೆ, ಶುಗರ್ ಗುಳಿಗೆ ನುಂಗುವವರು. ಕೆಲವರಿಗೆ ಥೈರಾಯ್ಡ್ ಇದೆ, ಒಬ್ಬಿಬ್ಬರಿಗೆ ಸ್ಟೆಂಟ್ ಹಾಕಿರಬಹುದು. ನಿಮ್ಮೆಲ್ಲರ ಪ್ರಶ್ನೆ ಒಂದೇ: "ಮೊದಲೇ ಬ್ಯಾನಿ ಅದ, ನಮಗ ಯಾರ್ ಪಾಲಿಸಿ ಕೊಡ್ತಾರ್ರಿ?" ಕೊಡುತ್ತಾರೆ. ಶುಗರ್, ಬಿ.ಪಿ. ಹತೋಟಿಯಲ್ಲಿ ಇದ್ದವರಿಗೆ ಸಾಮಾನ್ಯವಾಗಿ ಕೊಡುತ್ತಾರೆ. ಪ್ರೀಮಿಯಂ ಸ್ವಲ್ಪ ಏರಿಸುತ್ತಾರೆ, ಆ ರೋಗಕ್ಕೆ ಇಂತಿಷ್ಟು ತಿಂಗಳು ಕಾಯಿರಿ ಎನ್ನುತ್ತಾರೆ. ವಯಸ್ಸು ಅರವತ್ತೈದು ದಾಟಿತು, ಇನ್ನು ಸಿಗುವುದಿಲ್ಲ ಎಂದು ಕೈಬಿಟ್ಟವರೂ ಇದ್ದೀರಿ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಲ್ಲಿ ವಿಮಾ ನಿಯಂತ್ರಣ ಸಂಸ್ಥೆಯಾದ ಐ.ಆರ್.ಡಿ.ಎ.ಐ. ಎಲ್ಲ ವಯಸ್ಸಿನವರಿಗೂ ಪಾಲಿಸಿಗಳು ಇರಬೇಕು ಎಂದು ಹೇಳಿದೆ. ಅರ್ಜಿ ಹಾಕಿದವರಿಗೆಲ್ಲ ಕೊಡಲೇಬೇಕು ಎಂದು ಇದರ ಅರ್ಥವಲ್ಲ. ನಿಮ್ಮ ಆರೋಗ್ಯ ನೋಡಿ ಬೇಡ ಎನ್ನುವ ಹಕ್ಕು ಕಂಪನಿಗೆ ಈಗಲೂ ಇದೆ.

ಕೊಡುತ್ತಾರೆ ಎಂದ ಮೇಲೆ, ಹೇಗೆ ತೆಗೆದುಕೊಳ್ಳಬೇಕು ಎಂಬುದಕ್ಕೆ ಬರುತ್ತೇನೆ. ನನ್ನ ಮಾತಿನ ತಿರುಳು ಇರುವುದು ಇಲ್ಲಿಯೇ.

ಅರ್ಜಿಯಲ್ಲಿ ಆರೋಗ್ಯದ ಪ್ರಶ್ನೆಗಳ ಒಂದು ಪುಟ ಇರುತ್ತದೆ. ಮಧುಮೇಹ ಇದೆಯೇ, ರಕ್ತದೊತ್ತಡ ಇದೆಯೇ, ಹೃದಯದ ತೊಂದರೆ, ಕಿಡ್ನಿ, ಲಿವರ್, ಆಪರೇಷನ್ ಆಗಿದೆಯೇ, ಈಗ ಯಾವುದಾದರೂ ಔಷಧಿ ನಡೆಯುತ್ತಿದೆಯೇ, ಈ ಹಿಂದೆ ಯಾವುದಾದರೂ ಕಂಪನಿ ಪಾಲಿಸಿ ನಿರಾಕರಿಸಿದೆಯೇ. ಪ್ರತಿಯೊಂದರ ಮುಂದೆ ಹೌದು, ಇಲ್ಲ ಎಂಬ ಎರಡು ಮನೆ. ಈಗ ಕಾಗದದ ಅರ್ಜಿ ಕಡಿಮೆಯಾಗಿದೆ. ಏಜೆಂಟರು ಮನೆಗೆ ಬಂದು, ಚಹಾ ಕುಡಿಯುತ್ತ, ತಮ್ಮ ಮೊಬೈಲಿನಲ್ಲೇ ಪಟಪಟನೆ ತುಂಬುತ್ತಾರೆ. "ಕಾಕಾ, ಶುಗರ್ ಅದ ಅಂತ ಬರದ್ರ ಪ್ರೀಮಿಯಂ ಜಾಸ್ತಿ ಆಗ್ತದ, ಟೆಸ್ಟ್ ಮಾಡಸ್ರಿ ಅಂತಾರ. ಬ್ಯಾಡ ಬಿಡ್ರಿ, ನಾ ನೋಡ್ಕೋತೀನಿ" ಎನ್ನುತ್ತಾರೆ. ಎಲ್ಲ ಮನೆಗಳಿಗೂ 'ಇಲ್ಲ' ಎಂದು ಒತ್ತಿ, ನಿಮ್ಮ ಫೋನಿಗೆ ಬಂದ ಓ.ಟಿ.ಪಿ. ಕೇಳುತ್ತಾರೆ. ನೀವು ಹೇಳುತ್ತೀರಿ. ಆ ಓ.ಟಿ.ಪಿ.ಯೇ ನಿಮ್ಮ ಸಹಿ. ಅದನ್ನು ಹೇಳಿದ ಮೇಲೆ ಆ ಅರ್ಜಿಯಲ್ಲಿ ಇರುವ ಪ್ರತಿ 'ಇಲ್ಲ'ವೂ ನೀವೇ ಹೇಳಿದ 'ಇಲ್ಲ' ಆಗುತ್ತದೆ. ಏಜೆಂಟರು ತುಂಬಿದ್ದು, ನನಗೆ ಗೊತ್ತಿರಲಿಲ್ಲ ಎಂದು ಮುಂದೆ ವಾದಿಸಬಹುದು, ಆದರೆ ಅದನ್ನು ಸಾಬೀತು ಮಾಡುವುದು ಬಹಳ ಕಷ್ಟ.

ಕೆಲವು ಕಂಪನಿಗಳು ಇದಾದ ಮೇಲೆ ಫೋನು ಮಾಡಿಸುತ್ತವೆ. ಆ ಕಡೆಯಿಂದ ವೈದ್ಯರೊಬ್ಬರು ಇವೇ ಪ್ರಶ್ನೆಗಳನ್ನು ಮತ್ತೆ ಕೇಳುತ್ತಾರೆ, ಮಾತು ರೆಕಾರ್ಡ್ ಆಗುತ್ತದೆ. ಅರ್ಜಿಯಲ್ಲಿ ತಪ್ಪಿದ್ದನ್ನು ಸರಿಪಡಿಸಲು ಅದಕ್ಕಿಂತ ಒಳ್ಳೆಯ ಅವಕಾಶ ಇನ್ನೊಂದಿಲ್ಲ. ಆದರೆ ಅಲ್ಲೂ "ಎಲ್ಲಕ್ಕೂ ಇಲ್ಲ ಅನ್ರಿ" ಎಂದು ಹೇಳಿಕೊಟ್ಟಿರುತ್ತಾರೆ. ನಮ್ಮ ಹಿರಿಯರು ಹಾಗೆಯೇ ಹೇಳುತ್ತಾರೆ.

ಮುಂದೆ ಏನಾಗುತ್ತದೆ ಎಂಬುದನ್ನು ಒಂದು ಪ್ರಸಂಗದಿಂದ ಹೇಳುತ್ತೇನೆ. ಚಿತ್ತಾಪುರ ಕಡೆಯ ಒಬ್ಬ ಹಿರಿಯರು ಎದೆನೋವು ಎಂದು ರಾತ್ರಿ ಬಂದರು. ಪಾಲಿಸಿ ಮಾಡಿಸಿ ಎರಡು ವರ್ಷ ಆಗಿತ್ತು. ಎಮರ್ಜೆನ್ಸಿಯಲ್ಲಿ ಡ್ಯೂಟಿ ಡಾಕ್ಟರು ಮಗನನ್ನು ಕೇಳಿದರು, ಶುಗರ್ ಇದೆಯಾ, ಎಷ್ಟು ವರ್ಷದಿಂದ? ಮಗ ಗಾಬರಿಯಲ್ಲಿದ್ದ. "ಅದರಿ ಸರ, ಹತ್ತ್ ವರ್ಷದಿಂದ ಅದ" ಎಂದ. ಡಾಕ್ಟರು ಕೇಸ್ ಶೀಟಿನಲ್ಲಿ ಹಾಗೆಯೇ ಬರೆದರು, ಅದು ಅವರ ಕರ್ತವ್ಯ. ನಾವು ಕ್ಯಾಶ್‌ಲೆಸ್‌ಗೆ (ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಹಣ ಕಟ್ಟುವುದಕ್ಕೆ) ಕಳಿಸುವ ಅರ್ಜಿಯಲ್ಲಿ ವೈದ್ಯರೇ ತುಂಬುವ ಒಂದು ಭಾಗವಿದೆ. ಮಧುಮೇಹ, ಬಿ.ಪಿ., ಹೃದಯರೋಗ ಎಂದು ಸಾಲಾಗಿ ಇರುತ್ತದೆ, ಪ್ರತಿಯೊಂದರ ಮುಂದೆ 'ಯಾವಾಗಿನಿಂದ' ಎಂಬ ಖಾನೆ. ಅಲ್ಲಿ ಹತ್ತು ವರ್ಷ ಎಂದು ಹೋಯಿತು. ಕಂಪನಿಯವರು ತಮ್ಮಲ್ಲಿದ್ದ ಅರ್ಜಿ ತೆಗೆದು ನೋಡಿದರು. ಮಧುಮೇಹ: ಇಲ್ಲ. ಮೊದಲು ಒಂದು ಪ್ರಶ್ನೆ ಕಳಿಸಿದರು, ಶುಗರ್‌ಗೆ ಮೊಟ್ಟಮೊದಲು ತೋರಿಸಿದ ಡಾಕ್ಟರ ಚೀಟಿ ಕೊಡಿ ಎಂದು. ಹತ್ತು ವರ್ಷದ ಹಿಂದಿನ ಚೀಟಿ ಯಾರ ಮನೆಯಲ್ಲಿ ಇರುತ್ತದೆ? ಸಂಜೆಯ ಹೊತ್ತಿಗೆ ನಿರಾಕರಣೆ ಬಂತು. ಸ್ಟೆಂಟ್ ಹಾಕಿ ಆಗಿತ್ತು. ಅಳಿಯ ಬೀಗರ ಹತ್ತಿರ ಓಡಾಡಿ ದುಡ್ಡು ಹೊಂದಿಸಿದ. ಆಮೇಲೆ ವಿಚಾರಿಸಿದರೆ ಅವರ ಶುಗರ್ ಪತ್ತೆಯಾಗಿ ಹತ್ತು ವರ್ಷ ಆಗಿರಲೇ ಇಲ್ಲ. ಮಗ ಅಂದಾಜಿನಲ್ಲಿ ಹೇಳಿದ್ದ. ಆದರೆ ಪಾಲಿಸಿಗಿಂತ ಮೊದಲಿನದು ಎಂಬುದಂತೂ ನಿಜವೇ ಆಗಿತ್ತು.

ಇದರಲ್ಲಿ ಎರಡು ಪಾಠ ಇವೆ. ಚಿಕ್ಕದನ್ನು ಮೊದಲು ಹೇಳುತ್ತೇನೆ. ಮನೆಯಲ್ಲಿ ಒಂದು ಫೈಲ್ ಇಡಿ. ಶುಗರ್ ಮೊದಲ ಸಲ ಬಂದ ಲ್ಯಾಬ್ ರಿಪೋರ್ಟ್, ಮೊದಲ ಚೀಟಿ, ತಾರೀಖಿನ ಸಮೇತ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ 'ಶುಗರ್ ಇಂಥ ತಿಂಗಳು, ಇಂಥ ವರ್ಷ' ಎಂದು ಬರೆದು, ಮಕ್ಕಳಿಗೆ, ಸೊಸೆಗೆ, ಅಳಿಯನಿಗೆ ತೋರಿಸಿ. ಆಸ್ಪತ್ರೆಯಲ್ಲಿ ಕೇಳಿದಾಗ ಅಂದಾಜು ಹೇಳಬೇಡಿ, ಗೊತ್ತಿಲ್ಲದಿದ್ದರೆ ಫೈಲ್ ನೋಡಿ ಹೇಳುತ್ತೇನೆ ಎನ್ನಿ. ಡಾಕ್ಟರಿಗೆ ಸುಳ್ಳು ಹೇಳಿ ಎಂದು ನಾನು ಖಂಡಿತ ಹೇಳುತ್ತಿಲ್ಲ. ಶುಗರ್ ಮುಚ್ಚಿಟ್ಟು ಚಿಕಿತ್ಸೆ ತೆಗೆದುಕೊಂಡರೆ ಜೀವಕ್ಕೇ ಅಪಾಯ.

ದೊಡ್ಡ ಪಾಠ ಅರ್ಜಿಯದ್ದು. ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. 2009ರಲ್ಲಿ ಒಂದು ಪ್ರಕರಣ ಬಂತು. ಮಧುಮೇಹ ಮತ್ತು ಕಿಡ್ನಿ ವೈಫಲ್ಯ ಇದ್ದದ್ದನ್ನು ಹೇಳದೆ ಮೆಡಿಕ್ಲೈಮ್ ಪಾಲಿಸಿ ತೆಗೆದುಕೊಂಡಿದ್ದರು. ಕಂಪನಿ ಹಣ ಕೊಡಲಿಲ್ಲ. ಆರೋಗ್ಯದ ಸ್ಥಿತಿ ಮುಖ್ಯವಾದ ಸಂಗತಿ, ಅದನ್ನು ಹೇಳಲೇಬೇಕಿತ್ತು ಎಂದು ಕೋರ್ಟ್ ಕಂಪನಿಯ ಮಾತನ್ನೇ ಎತ್ತಿಹಿಡಿಯಿತು. 2021ರ ಡಿಸೆಂಬರಿನಲ್ಲಿ ಬಂದದ್ದು ಇನ್ನೊಂದು. ಅಮೆರಿಕಕ್ಕೆ ಹೊರಟ ಒಬ್ಬರು ಪ್ರಯಾಣದ ಆರೋಗ್ಯ ವಿಮೆ ಮಾಡಿಸುವಾಗ ತಮಗೆ ಮಧುಮೇಹ ಇದೆ ಎಂದು ತಿಳಿಸಿದ್ದರು. ಅಲ್ಲಿ ಹೃದಯಾಘಾತ ಆಯಿತು, ಸ್ಟೆಂಟ್ ಹಾಕಿದರು. ಕೊಲೆಸ್ಟರಾಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದುದನ್ನು ಹೇಳಿಲ್ಲ ಎಂದು ಕಂಪನಿ ಕ್ಲೈಮು ತಳ್ಳಿಹಾಕಿತು. ಕೋರ್ಟ್ ಒಪ್ಪಲಿಲ್ಲ. ಆರೋಗ್ಯದ ಸ್ಥಿತಿ ತಿಳಿದುಕೊಂಡು, ಅಳೆದು ತೂಗಿ ಪಾಲಿಸಿ ಕೊಟ್ಟ ಮೇಲೆ, ಅದೇ ಸ್ಥಿತಿಯ ನೆಪ ಹೇಳಿ ಹಣ ನಿರಾಕರಿಸುವಂತಿಲ್ಲ ಎಂದಿತು. ಎರಡೂ ಕಡೆ ಮಧುಮೇಹ ಇತ್ತು. ಒಂದು ಕಡೆ ಅರ್ಜಿಯಲ್ಲಿ ಬರೆದಿರಲಿಲ್ಲ, ಇನ್ನೊಂದು ಕಡೆ ಬರೆದಿತ್ತು.

ಆದ್ದರಿಂದ ನಾನು ಪಟ್ಟುಹಿಡಿದು ಹೇಳುತ್ತೇನೆ: ಎಲ್ಲ ಬರೆಸಿ. ಶುಗರ್, ಬಿ.ಪಿ. ಅಷ್ಟೇ ಅಲ್ಲ, ಕೊಲೆಸ್ಟರಾಲ್ ಮಾತ್ರೆ, ಥೈರಾಯ್ಡ್ ಮಾತ್ರೆ, ಎಂದೋ ಆದ ಗರ್ಭಕೋಶದ ಆಪರೇಷನ್, ಕಿಡ್ನಿ ಕಲ್ಲು ಎಲ್ಲವನ್ನೂ. ನಿಯಮದ ಪ್ರಕಾರ ಪಾಲಿಸಿಗೆ ಹಿಂದಿನ 36 ತಿಂಗಳಲ್ಲಿ ಪತ್ತೆಯಾದ ಅಥವಾ ಚಿಕಿತ್ಸೆ ಪಡೆದ, ಚಿಕಿತ್ಸೆಗೆ ವೈದ್ಯರು ಸೂಚಿಸಿದ ರೋಗವೇ 'ಮೊದಲೇ ಇದ್ದ ರೋಗ'. ಆದರೆ ಅರ್ಜಿಯ ಪ್ರಶ್ನೆ 'ಎಂದಾದರೂ ಆಗಿದೆಯೇ' ಎಂದು ಇದ್ದರೆ ಎಂದಾದರೂ ಆದದ್ದನ್ನೇ ಬರೆಯಬೇಕು. ಕೇಳಿದ ಪ್ರಶ್ನೆಗೆ ಉತ್ತರ ಕೊಡಿ, ಲೆಕ್ಕಾಚಾರ ಅವರಿಗೆ ಬಿಡಿ.

ಬರೆಸಿದ ಮೇಲೆ ಕಾಯುವ ಅವಧಿ. ಮೊದಲು ಇದು 48 ತಿಂಗಳವರೆಗೆ ಇರಬಹುದಿತ್ತು. 2024ರಿಂದ 36 ತಿಂಗಳಿಗಿಂತ ಹೆಚ್ಚು ಇಡುವಂತಿಲ್ಲ. ಇನ್ನೂ ಕಡಿಮೆ ಇರುವ ಪಾಲಿಸಿಗಳಿವೆ, ಹೆಚ್ಚು ಪ್ರೀಮಿಯಂ ಕೊಟ್ಟರೆ ಶುಗರ್, ಬಿ.ಪಿ.ಗಳನ್ನು ಮೊದಲ ತಿಂಗಳಿಂದಲೇ ಸೇರಿಸಿಕೊಳ್ಳುವಂಥವೂ ಇವೆ. ಕಾಯುವ ಅವಧಿ ಎಂದರೆ ಮೂರು ವರ್ಷ ಪಾಲಿಸಿಯಿಂದ ಏನೂ ಸಿಗುವುದಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಶುಗರ್ ಬರೆಸಿದವರಿಗೆ ಡೆಂಗಿ ಬಂದರೆ, ನ್ಯುಮೋನಿಯಾ ಆದರೆ, ಮೊದಲ 30 ದಿನ ಕಳೆದ ಮೇಲೆ ಪಾಲಿಸಿ ನಡೆಯುತ್ತದೆ. ಅಪಘಾತಕ್ಕೆ ಆ 30 ದಿನವೂ ಇಲ್ಲ. ಕಾಯಬೇಕಾದದ್ದು ಬರೆಸಿದ ರೋಗಕ್ಕೆ ಮತ್ತು ಅದರಿಂದ ನೇರವಾಗಿ ಬರುವ ತೊಡಕುಗಳಿಗೆ ಮಾತ್ರ. ಈ 'ನೇರವಾಗಿ' ಎಂಬುದರ ಮೇಲೆಯೇ ಜಗಳ ನಡೆಯುವುದು. ಶುಗರ್ ಇದ್ದವರಿಗೆ ಕಾಲಿನ ಹುಣ್ಣು ಆದರೆ ವಾದಕ್ಕೆ ಹೆಚ್ಚು ಜಾಗವಿಲ್ಲ. ಹೃದಯದ ತೊಂದರೆ ಬಂದರೆ ಕಂಪನಿ ಶುಗರ್‌ನಿಂದ ಎನ್ನುತ್ತದೆ, ನಿಮ್ಮ ವೈದ್ಯರು ಕಾರಣ ಬೇರೆ ಎನ್ನಬಹುದು. ಅಂಥ ಹೊತ್ತಿನಲ್ಲಿ ಚಿಕಿತ್ಸೆ ಕೊಟ್ಟ ವೈದ್ಯರಿಂದ ಕಾರಣ ವಿವರಿಸಿದ ಪತ್ರ ಬರೆಸಿಕೊಳ್ಳಿ. ಆ ಒಂದು ಪುಟದ ಕಾಗದ ಬಹಳ ಕೆಲಸ ಮಾಡುತ್ತದೆ.

ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಮೊಣಕಾಲು ಬದಲಿ ಇವಕ್ಕೆ ಬೇರೆ ಕಾಯುವ ಅವಧಿ ಇದೆ, ಸಾಮಾನ್ಯವಾಗಿ ಎರಡು ವರ್ಷ. ಅದು ರೋಗ ಇದ್ದರೂ ಇರದಿದ್ದರೂ ಎಲ್ಲರಿಗೂ ಅನ್ವಯ.

ಇನ್ನೊಂದು ಅವಧಿಯ ಬಗ್ಗೆ ತಪ್ಪು ಮಾಹಿತಿ ಹಬ್ಬಿದೆ, ಅದನ್ನು ಇಲ್ಲಿ ಸರಿಪಡಿಸಬೇಕು. 60 ತಿಂಗಳು ಬಿಡದೆ ಪಾಲಿಸಿ ನಡೆದರೆ, ಆಮೇಲೆ ರೋಗ ಹೇಳಿಲ್ಲ ಎಂಬ ಕಾರಣಕ್ಕೆ ಕಂಪನಿ ಕ್ಲೈಮು ನಿರಾಕರಿಸುವಂತಿಲ್ಲ. ಹಿಂದೆ ಇದು ಎಂಟು ವರ್ಷ ಇತ್ತು. "ಐದ್ ವರ್ಷ ಸುಮ್ನ ಕುಂದರ್ರಿ, ಆಮ್ಯಾಲ ಯಾರೂ ಕೇಳಂಗಿಲ್ಲ" ಎಂದು ಇದನ್ನೇ ಹಿಡಿದು ಹೇಳುವವರಿದ್ದಾರೆ. ಅವರ ಮಾತು ಕೇಳಬೇಡಿ. ಮೋಸ ಎಂದು ಸಾಬೀತಾದರೆ ಐದು ವರ್ಷದ ನಂತರವೂ ನಿರಾಕರಿಸಬಹುದು. ಆ ಐದು ವರ್ಷದ ಒಳಗೆ ಆಸ್ಪತ್ರೆ ಸೇರಬೇಕಾಗಿ ಬಂದರೆ ಕ್ಲೈಮು ಹೋಗುತ್ತದೆ, ಕೆಲವು ಸಲ ಪಾಲಿಸಿಯೂ ರದ್ದಾಗುತ್ತದೆ. ರದ್ದಾದ ಮೇಲೆ ಬೇರೆ ಕಂಪನಿಯ ಅರ್ಜಿಯಲ್ಲಿ ನಾನು ಆಗಲೇ ಹೇಳಿದ, 'ಈ ಹಿಂದೆ ಯಾವುದಾದರೂ ಕಂಪನಿ ನಿರಾಕರಿಸಿದೆಯೇ' ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಬರೆಸಿ ಮೂರು ವರ್ಷ ಕಾದವರು ನಾಲ್ಕನೇ ವರ್ಷ ಧೈರ್ಯವಾಗಿ ಆಸ್ಪತ್ರೆಗೆ ಬರುತ್ತಾರೆ. ಅಂಥವರ ಕಾಗದ ಕಳಿಸುವಾಗ ನಮಗೂ ಸಮಾಧಾನ.

ಈಗಾಗಲೇ ಮುಚ್ಚಿಟ್ಟು ಪಾಲಿಸಿ ಮಾಡಿಸಿದವರು ಇಲ್ಲಿ ಇರಬಹುದು. ಪಾಲಿಸಿ ಹೊಸದಾಗಿ ಕೈಗೆ ಬಂದಿದ್ದರೆ, ಅದರ ಜೊತೆ ನಿಮ್ಮ ಅರ್ಜಿಯ ನಕಲು ಇರುತ್ತದೆ. ಓದಿಸಿ ನೋಡಿ. ಪಾಲಿಸಿ ಕೈಸೇರಿದ 30 ದಿನದೊಳಗೆ ಬೇಡವೆಂದು ಹಿಂದಿರುಗಿಸುವ ಹಕ್ಕೂ ನಿಮಗಿದೆ. ವರ್ಷಗಳೇ ಆಗಿದ್ದರೆ, ಈಗಲಾದರೂ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ಪ್ರೀಮಿಯಂ ಏರಿಸಬಹುದು, ಆ ರೋಗಕ್ಕೆ ಇಂದಿನಿಂದ ಕಾಯಿರಿ ಎನ್ನಬಹುದು, ಕೆಟ್ಟದ್ದೆಂದರೆ ಪಾಲಿಸಿ ನಿಲ್ಲಿಸಬಹುದು. ಅದು ಆಗುವುದಿದ್ದರೆ ನೀವು ಮನೆಯಲ್ಲಿ ಗಟ್ಟಿಮುಟ್ಟಾಗಿ ಇರುವಾಗ ಆಗಲಿ. ಐ.ಸಿ.ಯು. ಬಾಗಿಲಿನಲ್ಲಿ ನಿಂತಾಗ ಆ ಸುದ್ದಿ ಬರುವುದು ಬೇಡ.

ನಮ್ಮ ಭಾಗದವರಿಗೆಂದೇ ಒಂದು ಮಾತು. ಇಲ್ಲಿ ಈಗ ಜಯದೇವ ಹೃದ್ರೋಗ ಆಸ್ಪತ್ರೆ ಇದೆ, ಕಿದ್ವಾಯಿ ಕ್ಯಾನ್ಸರ್ ಕೇಂದ್ರ ಇದೆ, ಜಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ, ಸೇಡಂ ರಸ್ತೆಯಲ್ಲಿ ಇ.ಎಸ್.ಐ. ಆಸ್ಪತ್ರೆ ಇದೆ, ಖಾಸಗಿಯವರೂ ಬೇಕಾದಷ್ಟಿದ್ದಾರೆ. ಆದರೂ ದೊಡ್ಡ ಆಪರೇಷನ್ ಎಂದರೆ ನಮ್ಮ ಜನ ಸೊಲ್ಲಾಪುರದ ಇಲ್ಲವೇ ಹೈದರಾಬಾದಿನ ಗಾಡಿ ಹತ್ತುತ್ತಾರೆ, ಬೀದರಿನವರಂತೂ ಮೊದಲು ಹೈದರಾಬಾದನ್ನೇ ನೆನೆಯುತ್ತಾರೆ. ಹಲವು ಕಂಪನಿಗಳು ಊರುಗಳನ್ನು ವಲಯಗಳಾಗಿ ಹಂಚಿಕೊಂಡಿವೆ. ಸಣ್ಣ ಊರಿನ ವಿಳಾಸಕ್ಕೆ ಪ್ರೀಮಿಯಂ ಕಡಿಮೆ. ಕಡಿಮೆ ಎಂದು ಖುಷಿಯಿಂದ ತೆಗೆದುಕೊಳ್ಳುತ್ತೇವೆ. ಆದರೆ ಕೆಲವು ಪಾಲಿಸಿಗಳಲ್ಲಿ, ಕಡಿಮೆ ವಲಯದ ಪ್ರೀಮಿಯಂ ಕಟ್ಟಿ ಮಹಾನಗರದಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲು, ಶೇಕಡಾ ಹತ್ತೋ ಇಪ್ಪತ್ತೋ, ನಿಮ್ಮ ಕೈಯಿಂದಲೇ ಹೋಗುತ್ತದೆ. ನಾಲ್ಕು ಲಕ್ಷದ ಬಿಲ್ಲಿನಲ್ಲಿ ಶೇಕಡಾ ಇಪ್ಪತ್ತು ಎಂದರೆ ಎಂಬತ್ತು ಸಾವಿರ. ಪಾಲಿಸಿ ಮಾಡಿಸುವಾಗಲೇ ಏಜೆಂಟರನ್ನು ನೇರವಾಗಿ ಕೇಳಿ: ನಾನು ಹೈದರಾಬಾದಿಗೆ ಹೋದರೆ ನನ್ನ ಪಾಲು ಎಷ್ಟು? ಸೊಲ್ಲಾಪುರಕ್ಕೆ ಹೋದರೆ ಎಷ್ಟು? ಉತ್ತರವನ್ನು ವಾಟ್ಸ್ಯಾಪಿನಲ್ಲಾದರೂ ಬರೆದು ಕಳಿಸಲು ಹೇಳಿ. ಬಾಯಿಮಾತು ಬೇಡ.

ಹಣದ ಅನುಕೂಲ ಇಲ್ಲದವರು ಖಾಸಗಿ ಪಾಲಿಸಿಗೆ ಮೊದಲು ಸರ್ಕಾರದ ಕಾರ್ಡು ಮಾಡಿಸಿಕೊಳ್ಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎ.ಪಿ.ಎಲ್. ಆದರೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇಕಡಾ 30ನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಮೊದಲೇ ಇದ್ದ ರೋಗ, ಕಾಯುವ ಅವಧಿ ಎಂಬುದು ಅಲ್ಲಿ ಇಲ್ಲವೇ ಇಲ್ಲ. ತುರ್ತು ಚಿಕಿತ್ಸೆ ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಆ ಓಡಾಟ ಇದೆ. ಆದರೂ ಕಾರ್ಡು ಇರಲಿ. ಎರಡೂ ಇಟ್ಟುಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಖಾಸಗಿಯಲ್ಲಿ ಯಾವುದು ಎಂದು ಗೊತ್ತಾಗದವರು 'ಆರೋಗ್ಯ ಸಂಜೀವನಿ' ಎಂಬ ಪಾಲಿಸಿಯಿಂದ ಶುರು ಮಾಡಿ ಓದಿ. ಐ.ಆರ್.ಡಿ.ಎ.ಐ. 2020ರ ಏಪ್ರಿಲ್‌ನಿಂದ ತಂದದ್ದು. ಯಾವ ಕಂಪನಿಯಲ್ಲಿ ತೆಗೆದುಕೊಂಡರೂ ಷರತ್ತುಗಳು ಒಂದೇ, ಪ್ರೀಮಿಯಂ ಮಾತ್ರ ಬೇರೆ ಬೇರೆ. ಕ್ಲೈಮಿನ ಶೇಕಡಾ 5 ನೀವು ಕೊಡಬೇಕು, ರೂಮಿನ ಬಾಡಿಗೆಗೆ ದಿನಕ್ಕೆ ವಿಮಾ ಮೊತ್ತದ ಶೇಕಡಾ 2, ಹೆಚ್ಚೆಂದರೆ 5,000 ರೂಪಾಯಿ ಮಿತಿ ಇದೆ. ಬಹಳ ಉದಾರವಾದ ಪಾಲಿಸಿ ಅಲ್ಲ, ಆದರೆ ಇದನ್ನು ಓದಿಕೊಂಡವರಿಗೆ ಬೇರೆ ಪಾಲಿಸಿಗಳನ್ನು ಹೋಲಿಸಿ ನೋಡುವುದು ಸುಲಭ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇಕಡಾ 18 ಜಿ.ಎಸ್.ಟಿ. ತೆಗೆದಿದ್ದಾರೆ. ವಯಸ್ಸಾದವರ ಪ್ರೀಮಿಯಂ ಸಾವಿರಗಟ್ಟಲೆ ಇರುವುದರಿಂದ ಇದು ದೊಡ್ಡ ಉಳಿತಾಯ. ಅರವತ್ತು ದಾಟಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ಐ.ಆರ್.ಡಿ.ಎ.ಐ. ಜೊತೆ ಸಮಾಲೋಚಿಸಬೇಕು ಎಂದು 2025ರ ಜನವರಿಯಲ್ಲಿ ಆದೇಶವಾಗಿದೆ.

ಪಾಲಿಸಿ ಮಾಡಿಸಿದ ಮೇಲೆ ಕಂತು ತಪ್ಪಿಸಬೇಡಿ. ವರ್ಷದ ಕಂತಿಗೆ 30 ದಿನ ಹೆಚ್ಚುವರಿ ಅವಕಾಶ ಇರುತ್ತದೆ. ಅದೂ ದಾಟಿದರೆ ನೀವು ಕಾದ ತಿಂಗಳುಗಳೆಲ್ಲ ನೀರಿನಲ್ಲಿ ಹೋಮ. ಈಗಿನ ಕಂಪನಿ ಬೇಸರ ತರಿಸಿದ್ದರೆ ಬೇರೆ ಕಂಪನಿಗೆ ವರ್ಗಾಯಿಸಬಹುದು, ಕಾದ ಅವಧಿ ಹಳೆಯ ವಿಮಾ ಮೊತ್ತದಷ್ಟಕ್ಕೆ ನಿಮ್ಮ ಜೊತೆಯೇ ಬರುತ್ತದೆ. ನವೀಕರಣಕ್ಕೆ ಒಂದೂವರೆ ತಿಂಗಳು ಇರುವಾಗಲೇ ಅರ್ಜಿ ಕೊಡಿ.

ಕ್ಯಾಶ್‌ಲೆಸ್ ಬೇಡ ಎಂದು ಬಂದಾಗ ಜನ ಕುಸಿದುಬಿಡುತ್ತಾರೆ. ಕ್ಯಾಶ್‌ಲೆಸ್ ನಿರಾಕರಣೆ ಎಂದರೆ ಕ್ಲೈಮೇ ಮುಗಿಯಿತು ಎಂದಲ್ಲ. ಬಿಲ್ಲು ಕಟ್ಟಿ, ಎಲ್ಲ ಮೂಲ ಕಾಗದ ತೆಗೆದುಕೊಂಡು ಮರುಪಾವತಿಗೆ ಹಾಕಬಹುದು. ಅಲ್ಲೂ ನಿರಾಕರಿಸಿದರೆ ಯಾವ ಷರತ್ತಿನ ಪ್ರಕಾರ ಎಂದು ಕಂಪನಿ ಲಿಖಿತವಾಗಿ ಕೊಡಬೇಕು. ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮೆಯ ದೂರು ಕೇಳಿ ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ನಮಗೆ ಸಂಬಂಧಪಟ್ಟ ಕಚೇರಿ ಬೆಂಗಳೂರಿನದು. 50 ಲಕ್ಷದವರೆಗಿನ ದೂರು ಕೇಳುತ್ತಾರೆ, ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಐ.ಆರ್.ಡಿ.ಎ.ಐ.ಗೆ ದೂರು ಕೊಡಲು 155255 ಸಂಖ್ಯೆ ಇದೆ. ನಿರಾಕರಣೆಯ ಪತ್ರ ಹರಿದು ಹಾಕಿ ಮನೆಗೆ ಹೋದವರನ್ನು ಕಂಡಿದ್ದೇನೆ, ನನಗೆ ಇವತ್ತಿಗೂ ಅದು ಸಂಕಟದ ವಿಷಯ. ಅದರಲ್ಲಿ ಗೆಲ್ಲಬಹುದಾದವೂ ಇದ್ದವು.

ಮಾತು ಮುಗಿಸುವ ಹೊತ್ತಿಗೆ ಇಬ್ಬರು ಪ್ರಶ್ನೆ ಕೇಳಿದರು. ಅವನ್ನೂ ಇಲ್ಲಿ ಸೇರಿಸುತ್ತೇನೆ.

ಒಬ್ಬ ತಾಯಿಯ ಪ್ರಶ್ನೆ: "ನಮ್ಮ ಮನಿಯವರಿಗಿ ಸ್ಟೆಂಟ್ ಹಾಕ್ಯಾರ. ಈಗ ಸಿಗ್ತದೇನ್ರಿ?" ಯಕ್ಕಾ, ಕಷ್ಟ, ಆದರೆ ಸಾಧ್ಯವಿಲ್ಲ ಎಂದಲ್ಲ. ಬಹಳ ಕಂಪನಿಗಳು ಬೇಡ ಎನ್ನುತ್ತವೆ. ಹೃದಯದ ಚಿಕಿತ್ಸೆ ಆದವರಿಗೆಂದೇ ಮಾಡಿದ ಪಾಲಿಸಿಗಳು ಕೆಲವು ಇವೆ, ಪ್ರೀಮಿಯಂ ಜಾಸ್ತಿ. ಕೆಲವು ಕಂಪನಿಗಳು ಹೃದಯವೊಂದನ್ನು ಶಾಶ್ವತವಾಗಿ ಬಿಟ್ಟು ಉಳಿದ ರೋಗಗಳಿಗೆ ಪಾಲಿಸಿ ಕೊಡುತ್ತೇವೆ, ಒಪ್ಪಿ ಸಹಿ ಮಾಡಿ ಎನ್ನುತ್ತವೆ. ನನ್ನ ಅಭಿಪ್ರಾಯದಲ್ಲಿ ಅದೂ ತೆಗೆದುಕೊಳ್ಳುವಂಥದ್ದೇ, ಏಕೆಂದರೆ ಅವರಿಗೆ ಮುಂದೆ ಬರುವುದೆಲ್ಲ ಹೃದಯದ ತೊಂದರೆಯೇ ಆಗಬೇಕೆಂದಿಲ್ಲ. ಹೃದಯಕ್ಕೆ ಸರ್ಕಾರದ ಕಾರ್ಡು ಮತ್ತು ಜಯದೇವ ಇರಲಿ. ಅವರೊಬ್ಬರ ಕಾರಣಕ್ಕೆ ಇಡೀ ಕುಟುಂಬದ ಪಾಲಿಸಿ ಬಿಡಬೇಡಿ. ನೀವು ಮತ್ತು ಮಕ್ಕಳು ಬೇರೆಯಾಗಿ ಮಾಡಿಸಿ.

ಇನ್ನೊಬ್ಬರು ಕೇಳಿದರು, ನನ್ನ ತಮ್ಮ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಇದ್ದಾನೆ, ಮುಂದಿನ ವರ್ಷ ನಿವೃತ್ತಿ, ಅಲ್ಲಿ ಕಂಪನಿಯ ಗುಂಪು ವಿಮೆ ಇದೆ, ಅದು ನಿಂತರೆ ಏನು ಮಾಡುವುದು? ಗುಂಪು ವಿಮೆಯಲ್ಲಿ ಸಾಮಾನ್ಯವಾಗಿ ಮೊದಲೇ ಇದ್ದ ರೋಗಕ್ಕೂ ಮೊದಲ ದಿನದಿಂದ ರಕ್ಷಣೆ ಇರುತ್ತದೆ, ಕೆಲಸ ಬಿಟ್ಟ ದಿನ ಅದು ನಿಲ್ಲುತ್ತದೆ. ಆದರೆ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಕೇಳಬಹುದು, ಗುಂಪಿನಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯ ಲೆಕ್ಕಕ್ಕೆ ಬರುತ್ತವೆ. ನಿವೃತ್ತಿಯ ಮರುದಿನ ಕೇಳಿದರೆ ಆಗುವುದಿಲ್ಲ. ಈಗಲೇ ಎಚ್.ಆರ್. ಕಚೇರಿಗೆ ಹೋಗಿ ವಿಮಾ ಕಂಪನಿಯ ಹೆಸರು, ಗುಂಪು ಪಾಲಿಸಿಯ ಸಂಖ್ಯೆ, ಎಷ್ಟು ವರ್ಷದಿಂದ ಸದಸ್ಯ ಎಂಬ ಪತ್ರ ಮೂರನ್ನೂ ಬರೆಸಿಕೊಂಡು, ನಿವೃತ್ತಿಗೆ ಎರಡು ತಿಂಗಳು ಇರುವಾಗ ಅರ್ಜಿ ಕೊಡಲಿ. ಆ ಅರ್ಜಿಯಲ್ಲೂ ಶುಗರ್ ಇದ್ದರೆ ಶುಗರ್ ಎಂದೇ ಬರೆಯಲಿ.